ತಲೆಕೆಳಗಾದ ಚಿತ್ರವನ್ನು ನೇರ ಮಾಡುವವರು ಯಾರು?

ಪ್ರಶ್ನೆ: ನನ್ನ ಮಗಳು ಹತ್ತನೇ ತರಗತಿ. ಮೊನ್ನೆ ಕಣ್ಣಿನ ಪಾಠ ಓದುತ್ತಿದ್ದವಳು ಎದ್ದು ಬಂದು ಕೇಳಿದಳು: "ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತೆ, ಮೆದುಳು ಅದನ್ನ ನೇರ ಮಾಡುತ್ತೆ ಅಂತಾರೆ. ಮೆದುಳಲ್ಲಿ ಯಾವ ಜಾಗದಲ್ಲಿ ನೇರ ಮಾಡುತ್ತೆ? ನೇರ ಮಾಡಿದ ಮೇಲೆ ಅದನ್ನ ನೋಡೋದು ಯಾರು?" ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ದಯವಿಟ್ಟು ವಿವರಿಸಿ.

ಉತ್ತರ: ಆ ಚಿತ್ರವನ್ನು ಯಾರೂ ನೇರ ಮಾಡುವುದಿಲ್ಲ. ಮೆದುಳಿನಲ್ಲಿ ಚಿತ್ರ ತಿರುಗಿಸುವ ಜಾಗ ಅಂತ ಒಂದಿಲ್ಲ. "ಮೆದುಳು ನೇರ ಮಾಡುತ್ತದೆ" ಎಂಬ ಮಾತು ಬಾಯಿಂದ ಬಾಯಿಗೆ ಬಂದು ಗಟ್ಟಿಯಾಗಿ ಕೂತುಬಿಟ್ಟಿದೆ, ಅಷ್ಟೇ. ಅದರಲ್ಲಿ ಏನೋ ಸರಿಯಿಲ್ಲ ಎಂದು ನಿಮ್ಮ ಮಗಳಿಗೆ ಅನ್ನಿಸಿದೆ. ಇಲ್ಲದಿದ್ದರೆ "ನೋಡೋದು ಯಾರು" ಎಂದು ಕೇಳುತ್ತಿರಲಿಲ್ಲ. ಇಷ್ಟು ಒಳ್ಳೆಯ ಪ್ರಶ್ನೆ ನನಗೆ ಅಪರೂಪಕ್ಕೆ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಡುವೆ ಕೆಲವು ಪ್ರಯೋಗಗಳಿವೆ. ಅವನ್ನು ಅವಳ ಜೊತೆ ಕೂತು ಮಾಡಿ ನೋಡಿ.

ಚಿತ್ರ ತಲೆಕೆಳಗಾಗಿ ಬೀಳುವುದು ಮಾತ್ರ ನಿಜ. ಕಣ್ಣಿನ ಮುಂದಿರುವ ಪಾರದರ್ಶಕ ಕಾರ್ನಿಯಾ ಬೆಳಕನ್ನು ಬಗ್ಗಿಸುವ ಕೆಲಸದ ಮೂರರಲ್ಲಿ ಎರಡು ಪಾಲು ಮಾಡುತ್ತದೆ. ಒಳಗಿನ ಲೆನ್ಸ್ ಉಳಿದದ್ದನ್ನು ಮಾಡುತ್ತದೆ, ಹತ್ತಿರಕ್ಕೂ ದೂರಕ್ಕೂ ಹೊಂದಿಸಿಕೊಳ್ಳುತ್ತದೆ. ಮೇಲಿನಿಂದ ಬಂದ ಬೆಳಕು ಕಣ್ಣಿನ ಹಿಂಬದಿಯ ಒಳಪದರವಾದ ರೆಟಿನಾದ ಕೆಳಭಾಗಕ್ಕೆ, ಕೆಳಗಿನಿಂದ ಬಂದದ್ದು ಮೇಲ್ಭಾಗಕ್ಕೆ ಬೀಳುತ್ತದೆ. ಎಡಬಲವೂ ಅದಲುಬದಲು. ನಿಮ್ಮ ಮಗಳ ಪುಸ್ತಕದಲ್ಲಿ ರೆಟಿನಾಗೆ ಅಕ್ಷಿಪಟಲ ಎಂದು ಇರಬಹುದು. ಇದನ್ನು ಮೊದಲು ಸರಿಯಾಗಿ ವಿವರಿಸಿದವನು ಖಗೋಳ ವಿಜ್ಞಾನಿ ಕೆಪ್ಲರ್, 1604ರಲ್ಲಿ. ಎತ್ತಿನ ಕಣ್ಣಿನ ಹಿಂಭಾಗದ ಪೊರೆ ತೆಗೆದು, ಅಲ್ಲಿ ತೆಳು ಕಾಗದ ಇಟ್ಟು, ಅದರ ಮೇಲೆ ಮೂಡುವ ತಲೆಕೆಳಗಾದ ಚಿತ್ರವನ್ನು ಹೇಗೆ ನೋಡಬಹುದು ಎಂದು 1637ರಲ್ಲಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಬರೆದ. ಕೆಪ್ಲರ್ ಒಂದು ಜಾಣತನದ ಕೆಲಸ ಮಾಡಿದ. ರೆಟಿನಾದವರೆಗೆ ಬೆಳಕಿನ ಲೆಕ್ಕ ನಡೆಯುತ್ತದೆ, ಅದರಿಂದಾಚೆಗಿನದು ಬೇರೆಯವರ ವಿಷಯ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದ. ನಂತರ ಬಂದ ಎಷ್ಟೋ ಜನ ಹಾಗೆ ನಿಲ್ಲಿಸಲಿಲ್ಲ. ಚಿತ್ರ ತಲೆಕೆಳಗಿದೆ, ನಮಗೆ ನೇರ ಕಾಣುತ್ತದೆ, ಹಾಗಾದರೆ ನಡುವೆ ಯಾರೋ ತಿರುಗಿಸಿರಬೇಕು ಎಂದುಕೊಂಡರು.

ಈ ಲೆಕ್ಕ ಎಲ್ಲಿ ತಪ್ಪುತ್ತದೆ ನೋಡಿ. ಚಿತ್ರವನ್ನು ನೇರ ಮಾಡಬೇಕಾದರೆ ಅದನ್ನು ನೋಡುವ ಇನ್ನೊಬ್ಬರು ಒಳಗೆ ಇರಬೇಕು. ತಲೆಯೊಳಗೆ ಒಂದು ಪರದೆ, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತ ಒಬ್ಬ ಪುಟ್ಟ ಮನುಷ್ಯ. ಸರಿ, ಅವನು ಹೇಗೆ ನೋಡುತ್ತಾನೆ? ಅವನಿಗೂ ಕಣ್ಣಿರಬೇಕು. ಅವನ ಕಣ್ಣಿನಲ್ಲೂ ಚಿತ್ರ ತಲೆಕೆಳಗಾಗಿ ಬೀಳಬೇಕು. ಅದನ್ನು ನೋಡಲು ಅವನ ತಲೆಯೊಳಗೆ ಇನ್ನೂ ಒಬ್ಬ ಬೇಕು. ಇದಕ್ಕೆ ಕೊನೆಯೇ ಇಲ್ಲ. ನಿಮ್ಮ ಮಗಳು ಎತ್ತಿದ ಎರಡನೇ ಪ್ರಶ್ನೆ ಇದೇ.

ಚಿತ್ರ ಎಂಬುದು ರೆಟಿನಾದಲ್ಲೇ ಮುಗಿದುಹೋಗುತ್ತದೆ. ಇಷ್ಟು ಅರ್ಥವಾದರೆ ಮುಂದಿನದು ಸುಲಭ. ರೆಟಿನಾದ ಹಿಂಬದಿಯಲ್ಲಿ ಬೆಳಕು ಹಿಡಿಯುವ ಕೋಶಗಳಿವೆ. ಮಂದ ಬೆಳಕಿಗೆ ರಾಡ್‌ಗಳು, ಸುಮಾರು 12 ಕೋಟಿ. ಹಗಲಿಗೆ ಮತ್ತು ಬಣ್ಣಕ್ಕೆ ಕೋನ್‌ಗಳು, ಸುಮಾರು 60 ಲಕ್ಷ. ಅವುಗಳೊಳಗೆ ವಿಟಮಿನ್ ಎ ಇಂದ ತಯಾರಾದ ಒಂದು ಪುಟ್ಟ ಅಣು ಬಾಗಿ ಕೂತಿರುತ್ತದೆ. ಬೆಳಕಿನ ಒಂದು ಕಣ ತಾಗಿದರೆ ಸಾಕು, ಅದು ನೆಟ್ಟಗಾಗುತ್ತದೆ. ಅಲ್ಲಿಂದ ಒಂದಕ್ಕೊಂದು ಕೊಂಡಿ ಹಾಕಿಕೊಂಡ ರಾಸಾಯನಿಕ ಕ್ರಿಯೆಗಳು ನಡೆದು, ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ. ಇಲ್ಲಿ ನನಗೆ ಇಂದಿಗೂ ಅಚ್ಚರಿ ಅನ್ನಿಸುವ ಒಂದು ವಿಷಯವಿದೆ. ಬೆಳಕು ಬಿದ್ದಾಗ ಈ ಕೋಶಗಳು ಚುರುಕಾಗುವುದಿಲ್ಲ, ತಣ್ಣಗಾಗುತ್ತವೆ. ಕತ್ತಲಲ್ಲಿ ಅವು ಪಕ್ಕದ ಕೋಶಗಳಿಗೆ ರಾಸಾಯನಿಕ ಸಂದೇಶವನ್ನು ಸುರಿಸುತ್ತಲೇ ಇರುತ್ತವೆ. ಬೆಳಕು ಬಿದ್ದರೆ ಆ ಸುರಿತ ಕಡಿಮೆಯಾಗುತ್ತದೆ. "ಈಗ ಬೆಳಕು ಬಂತು" ಎಂದು ಮುಂದಿನ ಕೋಶಕ್ಕೆ ಗೊತ್ತಾಗುವುದೇ ಹಾಗೆ.

ಇದಾದ ಮೇಲೆ ಬೆಳಕೂ ಇಲ್ಲ, ಚಿತ್ರವೂ ಇಲ್ಲ. ತಲೆಬುರುಡೆಯ ಒಳಗೆ ಪೂರ್ತಿ ಕತ್ತಲು. ಕಣ್ಣಿನಿಂದ ಹೊರಡುವ ಸುಮಾರು ಹತ್ತು ಲಕ್ಷ ನರತಂತುಗಳಲ್ಲಿ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳು ಓಡುತ್ತವೆ. ಒಂದು ಮಿಡಿತಕ್ಕೆ ತಲೆ ಕಾಲು ಅಂತ ಇರುತ್ತದೆಯೇ? ಅದನ್ನು ತಿರುಗಿಸಿಡುವುದು ಹೇಗೆ?

ಹೋಗಲಿ, ಮಿಡಿತಗಳು ಮೆದುಳಿಗೆ ತಲುಪಿದ ಮೇಲೆ ಯಾವ ಕ್ರಮದಲ್ಲಿ ಕೂರುತ್ತವೆ ಎಂದಾದರೂ ನೋಡೋಣ. ಎರಡೂ ಕಣ್ಣುಗಳ ನರಗಳು ದಾರಿಯಲ್ಲಿ ಒಂದು ಕಡೆ ಸೇರಿ, ಅರ್ಧ ತಂತುಗಳು ಆಚೀಚೆ ದಾಟಿಕೊಳ್ಳುತ್ತವೆ. ನಮ್ಮ ಎಡಗಡೆ ಕಾಣುವ ಜಗತ್ತಿನ ಸುದ್ದಿ ಬಲ ಮೆದುಳಿಗೆ, ಬಲಗಡೆಯದು ಎಡ ಮೆದುಳಿಗೆ ಹೋಗುತ್ತದೆ. ಕೊನೆಗೆ ತಲೆಯ ಹಿಂಭಾಗದಲ್ಲಿ ದೃಷ್ಟಿಯ ಮೊದಲ ನಿಲ್ದಾಣ ಸಿಗುತ್ತದೆ. ಅಲ್ಲಿ ನೋಟದ ಒಂದು ನಕ್ಷೆಯೇ ಇದೆ. ಅದು ತಿಳಿದದ್ದು ನೋವಿನ ದಾರಿಯಿಂದ. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ಹೊಕ್ಕು ಬದುಕುಳಿದ ಸೈನಿಕರನ್ನು ಇನೌಯೆ ಎಂಬ ಜಪಾನಿ ಕಣ್ಣಿನ ವೈದ್ಯರು ಪರೀಕ್ಷಿಸಿದರು. ಗುಂಡು ಎಲ್ಲಿ ಹೊಕ್ಕು ಎಲ್ಲಿ ಹೊರಬಂತು, ನೋಟದ ಯಾವ ಭಾಗ ಕಾಣೆಯಾಯಿತು ಎಂದು ತಾಳೆ ನೋಡಿ 1909ರಲ್ಲಿ ನಕ್ಷೆ ಪ್ರಕಟಿಸಿದರು.

ಆ ನಕ್ಷೆಯಲ್ಲಿ ಜಗತ್ತಿನ ಮೇಲ್ಭಾಗ ಕೆಳಗಿದೆ, ಕೆಳಭಾಗ ಮೇಲಿದೆ! ಮೆದುಳಿಗೆ ಬಂದ ಮೇಲೂ ಅದು ತಲೆಕೆಳಗೇ. ಸಾಲದ್ದಕ್ಕೆ ನಡುವೆ ಸೀಳಿ ಎರಡು ಪಾಲಾಗಿದೆ. ನೇರ ನೋಟದ ಮಧ್ಯಭಾಗ ವಿಪರೀತ ಉಬ್ಬಿ ದೊಡ್ಡದಾಗಿದೆ, ಅಂಚುಗಳು ಮುದುರಿಕೊಂಡಿವೆ. ಯಾರೂ ಇದನ್ನು ಸರಿಪಡಿಸಿಲ್ಲ. ಸರಿಪಡಿಸುವ ಅಗತ್ಯವೂ ಇಲ್ಲ. "ಮೇಲೆ" ಎಂಬ ಪದವನ್ನು ಪುಟದ ಅಡಿಯಲ್ಲಿ ಬರೆದರೂ ಅದರ ಅರ್ಥ ಮೇಲೆ ಎಂದೇ ಅಲ್ವಾ? ಹಾಗೆಯೇ ಇದು. ಈ ತಂತುವಿನಲ್ಲಿ ಮಿಡಿತ ಬಂದರೆ ವಸ್ತು ಮೇಲಿದೆ, ಕೈ ಎತ್ತಿದರೆ ಸಿಗುತ್ತದೆ. ಆ ತಂತುವಿನಲ್ಲಿ ಬಂದರೆ ಕೆಳಗಿದೆ, ಬಗ್ಗಬೇಕು. ಮೆದುಳಿಗೆ ಬೇಕಾದದ್ದು ಈ ಸಂಬಂಧ ಮಾತ್ರ. ತಂತು ಮೆದುಳಿನ ಯಾವ ಮೂಲೆಯಲ್ಲಿ ಕೂತಿದೆ ಎಂಬುದು ಅದಕ್ಕೆ ಬೇಕಿಲ್ಲ.

ಇದನ್ನು ಒಬ್ಬರು ತಮ್ಮ ಮೇಲೇ ಪರೀಕ್ಷೆ ಮಾಡಿಕೊಂಡರು. ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಸ್ಟ್ರಾಟನ್, 1890ರ ದಶಕದಲ್ಲಿ. ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಜಗತ್ತನ್ನು ತಲೆಕೆಳಗು ಮಾಡುವ ಲೆನ್ಸ್ ಕಟ್ಟಿಕೊಂಡು ದಿನಗಟ್ಟಲೆ ಓಡಾಡಿದರು. ಅದರಲ್ಲಿ ಒಂದು ಸಲ ಎಂಟು ದಿನ. ಮೊದಮೊದಲು ಕೈ ಚಾಚಿದರೆ ತಪ್ಪು ಕಡೆ ಹೋಗುತ್ತಿತ್ತು. ದಿನ ಕಳೆದಂತೆ ಕೈಕಾಲು ಹೊಂದಿಕೊಂಡವು, ಯೋಚಿಸದೆಯೇ ನಡೆದಾಡುವಂತಾಯಿತು. ಕೆಲವು ಹೊತ್ತು ಎಲ್ಲ ಸಹಜವಾಗಿಯೇ ಇದೆ ಅನ್ನಿಸುತ್ತಿತ್ತು ಎಂದು ಅವರು ಬರೆದರು. ಇದೇ ಮುಂದೆ "ಎಂಟು ದಿನದಲ್ಲಿ ಮೆದುಳು ಚಿತ್ರ ತಿರುಗಿಸಿತು" ಎಂಬ ಕಥೆಯಾಯಿತು. ಆದರೆ 1999ರಲ್ಲಿ ಇಂಥದೇ ಪ್ರಯೋಗವನ್ನು ಎಚ್ಚರಿಕೆಯಿಂದ ಮತ್ತೆ ಮಾಡಿದಾಗ, ಹಾಕಿಕೊಂಡವರು ಚೆನ್ನಾಗಿಯೇ ಓಡಾಡಿದರು, ಆದರೂ ನೋಟ ತಲೆಕೆಳಗೇ ಉಳಿಯಿತು. ಬದಲಾದದ್ದು ಕಣ್ಣಿಗೂ ಕೈಗೂ ಇರುವ ಹೊಂದಾಣಿಕೆ.

ಇನ್ನು ಮುಂದಿನ ಹೆಜ್ಜೆ. ಮೆದುಳಿಗೆ ಚಿತ್ರ ಹೋಗುವುದಿಲ್ಲ ಎಂದಾದರೆ ಹೋಗುವುದು ಏನು?

ಲೆಕ್ಕ ನೋಡಿ. ಬೆಳಕು ಹಿಡಿಯುವ ಕೋಶಗಳು ಹನ್ನೆರಡು ಕೋಟಿಗೂ ಜಾಸ್ತಿ. ಹೊರಹೋಗುವ ತಂತುಗಳು ಸುಮಾರು ಹತ್ತು ಲಕ್ಷ. ಎಲ್ಲವನ್ನೂ ಕಳಿಸಲು ಸಾಧ್ಯವೇ ಇಲ್ಲ. ಹಾಗಾಗಿ ರೆಟಿನಾ ತಾನೇ ಆರಿಸಿ ಕಳಿಸುತ್ತದೆ. ಅದು ಬರೀ ಪರದೆಯಲ್ಲ, ಮೆದುಳಿನದೇ ಒಂದು ತುಂಡು. ಭ್ರೂಣ ಬೆಳೆಯುವಾಗ ಮೆದುಳಿನಿಂದಲೇ ಚಿಗುರಿ ಮುಂದೆ ಬಂದದ್ದು. ರೆಟಿನಾದಿಂದ ಹೊರಡುವ ಬಹಳಷ್ಟು ನರಕೋಶಗಳು ತಾವು ಗಮನಿಸುವ ಜಾಗದ ನಡುವಿನ ಬೆಳಕನ್ನು ಅದರ ಸುತ್ತಲಿನ ಬೆಳಕಿನ ಜೊತೆ ಹೋಲಿಸುತ್ತವೆ ಎಂದು ವಿಜ್ಞಾನಿ ಸ್ಟೀಫನ್ ಕಫ್ಲರ್ 1953ರಲ್ಲಿ ಬೆಕ್ಕಿನ ಕಣ್ಣಿನಲ್ಲಿ ತೋರಿಸಿದರು. ನಡುವೆಯೂ ಸುತ್ತಲೂ ಒಂದೇ ಸಮ ಬೆಳಕಿದ್ದರೆ ಅವು ಹೆಚ್ಚೇನೂ ಹೇಳುವುದಿಲ್ಲ. ವ್ಯತ್ಯಾಸ ಇದ್ದರೆ ಜೋರಾಗಿ ಮಿಡಿಯುತ್ತವೆ. ಖಾಲಿ ಗೋಡೆಯ ಬಗ್ಗೆ ಕಣ್ಣು ಬಹಳ ಕಡಿಮೆ ಮಾತಾಡುತ್ತದೆ. ಗೋಡೆಯ ಅಂಚಿನ ಬಗ್ಗೆ ಬಹಳ ಮಾತಾಡುತ್ತದೆ.

ಇದರ ಪರಿಣಾಮವನ್ನು ನೀವು ಸಿನಿಮಾ ಮಂದಿರದಲ್ಲಿ ಎಷ್ಟೋ ಸಲ ನೋಡಿದ್ದೀರಿ. ಪರದೆ ಬಿಳಿಯದು. ಪ್ರೊಜೆಕ್ಟರ್ ಬೆಳಕು ಬಿಡಬಲ್ಲದು, ಕಪ್ಪನ್ನು ಬಿಡಲಾರದು. ಹಾಗಾದರೆ ತೆರೆಯ ಮೇಲೆ ನಾಯಕಿಯ ಕಡುಕಪ್ಪು ಕೂದಲು ಎಲ್ಲಿಂದ ಬಂತು? ಅದು ಬೆಳಕು ಬೀಳದ ಬಿಳಿ ಪರದೆ. ಸಿನಿಮಾ ಶುರುವಾಗುವ ಮುಂಚೆ ಅದೇ ಪರದೆಯನ್ನು ನೋಡಿ ಬಿಳಿ ಎಂದಿರಿ. ಪಕ್ಕದಲ್ಲಿ ಜಾಸ್ತಿ ಬೆಳಕು ಬಿದ್ದ ಕೂಡಲೇ ಅದು ಕಪ್ಪಾಯಿತು. ಕಪ್ಪು, ಬಿಳುಪು ಎಂಬುದು ಬೆಳಕಿನ ಅಳತೆಯಲ್ಲ, ಹೋಲಿಕೆಯ ತೀರ್ಪು.

ಬಣ್ಣವೂ ಹೀಗೆ. ಕೋನ್‌ಗಳಲ್ಲಿ ಮೂರೇ ಬಗೆ. ಒಂದೊಂದು ಬಗೆಯೂ ಬೆಳಕಿನ ಬೇರೆ ಬೇರೆ ಅಲೆಗಳಿಗೆ ಹೆಚ್ಚು ಸ್ಪಂದಿಸುತ್ತದೆ. ಒಂದು ಕೋನ್‌ಗೆ ಒಂಟಿಯಾಗಿ ಯಾವ ಬಣ್ಣವೂ ತಿಳಿಯುವುದಿಲ್ಲ. ಮೂರನ್ನೂ ಹೋಲಿಸಿದಾಗ ಮಾತ್ರ ಬಣ್ಣ ಹುಟ್ಟುತ್ತದೆ.

ಈಗ ಮೊದಲ ಪ್ರಯೋಗ. ಈ ಸಾಲಿನ ಯಾವುದಾದರೂ ಒಂದು ಪದದ ಮೇಲೆ ನೋಟ ನೆಟ್ಟು, ಕಣ್ಣು ಅಲ್ಲಾಡಿಸದೆ ನಾಲ್ಕು ಪದ ಆಚೆಗಿರುವುದನ್ನು ಓದಲು ನೋಡಿ. ಆಗುವುದಿಲ್ಲ. ರೆಟಿನಾದ ನಡುವಿನ ಒಂದು ಪುಟ್ಟ ಗುಳಿಯಲ್ಲಿ ಮಾತ್ರ ಕೋನ್‌ಗಳು ಒತ್ತೊತ್ತಾಗಿವೆ. ಸ್ಪಷ್ಟ ನೋಟ ಸಿಗುವುದು ಅಲ್ಲಿಂದಲೇ. ಕೈ ಪೂರ್ತಿ ಚಾಚಿ ಹೆಬ್ಬೆರಳು ನೋಡಿದರೆ, ಆ ಉಗುರಿನ ಅಗಲದಷ್ಟು ಜಾಗ. ಉಳಿದದ್ದೆಲ್ಲ ಮಸುಕು. ಆದರೂ ಇಡೀ ಕೋಣೆ ಒಂದೇ ಸಲ ಸ್ಪಷ್ಟವಾಗಿ ಕಾಣುತ್ತಿದೆ ಅನ್ನಿಸುತ್ತದೆ. ಯಾಕೆಂದರೆ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತಿರುತ್ತದೆ. ಎಚ್ಚರವಿರುವ ಒಂದು ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜಿಗಿತ. ಯಾವುದರ ಬಗ್ಗೆ ಅನುಮಾನ ಬಂದರೂ ಕಣ್ಣು ಅಲ್ಲಿಗೆ ಹೋಗಿ ಆಗಿರುತ್ತದೆ. ಅದಕ್ಕೇ ಮಸುಕು ನಮ್ಮ ಗಮನಕ್ಕೆ ಬರುವುದೇ ಇಲ್ಲ.

ಎರಡನೇ ಪ್ರಯೋಗ ನನಗೆ ಬಹಳ ಇಷ್ಟವಾದದ್ದು. ಕನ್ನಡಿಯ ಮುಂದೆ ಹತ್ತಿರ ನಿಂತು ನಿಮ್ಮ ಎಡಗಣ್ಣನ್ನು ನೋಡಿ. ಆಮೇಲೆ ಬಲಗಣ್ಣನ್ನು. ಮತ್ತೆ ಎಡ, ಮತ್ತೆ ಬಲ. ನಿಮ್ಮ ಕಣ್ಣು ಚಲಿಸುವುದು ನಿಮಗೆ ಕಾಣುವುದೇ ಇಲ್ಲ! ಪಕ್ಕದಲ್ಲಿ ನಿಂತ ಮಗಳಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಕಣ್ಣು ಜಿಗಿಯುವ ಆ ಕ್ಷಣದ ನೋಟವನ್ನು ಮೆದುಳು ಅದುಮಿಬಿಡುತ್ತದೆ. ಈಗ ಅದೇ ಕೆಲಸವನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಮಾಡಿ. ಕಣ್ಣು ಚಲಿಸುವುದು ಕಾಣುತ್ತದೆ. ಮೊಬೈಲಿನ ಚಿತ್ರ ಪರದೆಗೆ ಬರಲು ಒಂದು ಚೂರು ತಡವಾಗುತ್ತದೆ. ಅಷ್ಟರಲ್ಲಿ ನಿಮ್ಮ ಕಣ್ಣಿನ ಜಿಗಿತ ಮುಗಿದು, ಅದುಮುವಿಕೆಯೂ ಮುಗಿದಿರುತ್ತದೆ.

ಮೂರನೆಯದು. ಒಂದು ಕಣ್ಣು ಮುಚ್ಚಿ. ತೆರೆದಿರುವ ಕಣ್ಣಿನ ಹೊರ ಮೂಲೆಯನ್ನು ರೆಪ್ಪೆಯ ಮೇಲಿನಿಂದ ಬೆರಳ ತುದಿಯಲ್ಲಿ ತೀರಾ ಮೆಲ್ಲಗೆ ಒತ್ತಿ. ಕಣ್ಣಿಗೆ ಆಪರೇಷನ್ ಆದವರು, ತೊಂದರೆ ಇರುವವರು ಇದನ್ನು ಮಾಡಬೇಡಿ. ಇಡೀ ಜಗತ್ತೇ ಸರಿದಂತೆ ಕಾಣುತ್ತದೆ. ಆದರೆ ನೀವಾಗಿಯೇ ಕಣ್ಣು ಹೊರಳಿಸಿದಾಗ, ರೆಟಿನಾದ ಮೇಲಿನ ಚಿತ್ರ ಇದಕ್ಕಿಂತ ಎಷ್ಟೋ ಜಾಸ್ತಿ ಸರಿದಿದ್ದರೂ, ಜಗತ್ತು ಅಲ್ಲಾಡುವುದಿಲ್ಲ. ಯಾಕೆ? ಕಣ್ಣಿನ ಸ್ನಾಯುಗಳಿಗೆ ಆಜ್ಞೆ ಕೊಟ್ಟದ್ದು ಮೆದುಳೇ. ಎಷ್ಟು ಹೊರಳುತ್ತದೆ ಎಂದು ಅದಕ್ಕೆ ಮೊದಲೇ ಗೊತ್ತು, ಅಷ್ಟನ್ನು ಕಳೆದುಬಿಡುತ್ತದೆ. ಬೆರಳು ಒತ್ತಿದಾಗ ಅಂಥ ಆಜ್ಞೆ ಹೋಗಿರುವುದಿಲ್ಲ. ಹಾಗಾಗಿ ಕಣ್ಣು ಸರಿದಿದ್ದನ್ನು ಜಗತ್ತೇ ಸರಿಯಿತು ಎಂದು ತಿಳಿಯುತ್ತದೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಈ ಸರಳ ಪ್ರಯೋಗದಿಂದ ಬಹಳ ಕಲಿತರು. ನೋಡುವುದು ಎಂದರೆ ನಮಗೇ ತಿಳಿಯದಂತೆ ನಡೆಯುವ ಊಹೆ ಎಂದು ಅವರು ವಾದಿಸಿದರು. ನೂರೈವತ್ತು ವರ್ಷ ಕಳೆದರೂ ಆ ಮಾತು ಗಟ್ಟಿಯಾಗಿ ನಿಂತಿದೆ.

ಊಹೆ ಎಂಬುದನ್ನು ಕಣ್ಣಾರೆ ನೋಡಬೇಕೇ? ಬಿಳಿ ಹಾಳೆಯ ಮೇಲೆ ಎಡಕ್ಕೆ ಒಂದು ಕೂಡಿಸುವ ಚಿಹ್ನೆ, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಒಂದು ದಪ್ಪ ಚುಕ್ಕೆ ಹಾಕಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಅಲ್ಲಿ ನಿಮ್ಮ ಕುರುಡು ಚುಕ್ಕೆ ಇದೆ. ನರತಂತುಗಳೆಲ್ಲ ಕಟ್ಟಾಗಿ ಕಣ್ಣಿನಿಂದ ಹೊರಹೋಗುವ ಆ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಮಾರಿಯೋಟ್ ಇದನ್ನು 1660ರ ದಶಕದಲ್ಲಿ ಕಂಡುಹಿಡಿದರು. ಈಗ ಆ ಚುಕ್ಕೆಯ ಮೂಲಕ ಹಾದುಹೋಗುವಂತೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದು ಮತ್ತೆ ನೋಡಿ. ಚುಕ್ಕೆ ಮಾಯವಾದ ಜಾಗದಲ್ಲಿ ತೂತು ಕಾಣುವುದಿಲ್ಲ, ಗೆರೆ ಅಖಂಡವಾಗಿ ಕಾಣುತ್ತದೆ. ಆ ಜಾಗದಿಂದ ಮೆದುಳಿಗೆ ಒಂದೇ ಒಂದು ಸುದ್ದಿ ಬಂದಿಲ್ಲ. ಆದರೂ ನೀವು ಅಲ್ಲಿ ಗೆರೆ ನೋಡಿದಿರಿ.

ಇದರ ಉಲ್ಟಾ ಕೂಡ ಇದೆ. ಇರುವುದನ್ನೂ ನಾವು ನೋಡುವುದಿಲ್ಲ. ರೆಟಿನಾದಲ್ಲಿ ರಕ್ತನಾಳಗಳು ಬೆಳಕು ಹಿಡಿಯುವ ಕೋಶಗಳ ಮುಂದೆಯೇ ಹರಡಿವೆ, ಅವುಗಳ ನೆರಳು ದಿನವಿಡೀ ಬೀಳುತ್ತಿರುತ್ತದೆ. ಆದರೆ ಆ ನೆರಳು ಕಣ್ಣಿನ ಜೊತೆಗೇ ಚಲಿಸುತ್ತದೆ, ರೆಟಿನಾದ ಒಂದೇ ಜಾಗದಲ್ಲಿ ಕೂತಿರುತ್ತದೆ. ಬದಲಾಗದ ಸುದ್ದಿ ನೋಟದಿಂದ ಅಳಿಸಿಹೋಗುತ್ತದೆ. ಕಣ್ಣಿನ ಡಾಕ್ಟರು ಟಾರ್ಚನ್ನು ಆಚೀಚೆ ಆಡಿಸುವಾಗ ಒಣಮರದ ಕೊಂಬೆಗಳಂಥ ಗೆರೆಗಳು ಕಂಡದ್ದು ನೆನಪಿದೆಯೇ? ಬೆಳಕು ವಿಚಿತ್ರ ಕೋನದಿಂದ ಬಂದು ನೆರಳು ಜಾಗ ಬದಲಿಸಿದ್ದರಿಂದ, ನಿಮ್ಮದೇ ರಕ್ತನಾಳಗಳು ನಿಮಗೆ ಕಂಡವು.

ತಲೆಯ ಹಿಂಭಾಗದ ಆ ನಿಲ್ದಾಣಕ್ಕೆ ಮತ್ತೆ ಹೋಗೋಣ. ಅಲ್ಲಿನ ಕೋಶಗಳು ಏನು ಮಾಡುತ್ತವೆ ಎಂದು ತೋರಿಸಿದವರು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್. ಬೆಕ್ಕಿನ ಮೆದುಳಿನ ಒಂದು ಕೋಶಕ್ಕೆ ತಂತಿ ಜೋಡಿಸಿ, ಗಾಜಿನ ಸ್ಲೈಡುಗಳಿಂದ ಪರದೆಯ ಮೇಲೆ ಚುಕ್ಕೆಗಳನ್ನು ತೋರಿಸುತ್ತಿದ್ದರು. ಗಂಟೆಗಟ್ಟಲೆ ತೋರಿಸಿದರೂ ಕೋಶ ಸುಮ್ನೆ ಇತ್ತು. ಸ್ಲೈಡ್ ಬದಲಿಸುವಾಗ ಇದ್ದಕ್ಕಿದ್ದಂತೆ ಪಟಪಟ ಮಿಡಿಯಿತು. ಅದನ್ನು ಕೆರಳಿಸಿದ್ದು ಚುಕ್ಕೆಯಲ್ಲ, ಗಾಜಿನ ಅಂಚಿನ ನೆರಳು. ಒಂದು ನಿರ್ದಿಷ್ಟ ಓರೆಯಲ್ಲಿ ಸರಿದ ತೆಳು ಗೆರೆ. ಒಂದೊಂದು ಕೋಶಕ್ಕೂ ತನ್ನದೇ ಓರೆ ಇದೆ ಎಂದು ತಿಳಿಯಿತು. 1959ರಲ್ಲಿ ಅದನ್ನು ಪ್ರಕಟಿಸಿದರು, 1981ರಲ್ಲಿ ನೊಬೆಲ್ ಬಂತು.

ಅಲ್ಲಿಂದ ಮುಂದೆ ಕೆಲಸ ಹಲವು ಕಡೆ ಹಂಚಿಹೋಗುತ್ತದೆ. ಬಣ್ಣ, ಚಲನೆ, ಮುಖ ಗುರುತಿಸುವುದು, ದೂರ ಅಳೆಯುವುದು, ಎಲ್ಲಕ್ಕೂ ಬೇರೆ ಬೇರೆ ಭಾಗಗಳು. ಇದು ಒಣ ಮಾಹಿತಿ ಅನ್ನಿಸಬಹುದು. ಆದರೆ ಆ ಭಾಗಗಳಲ್ಲಿ ಒಂದು ಮಾತ್ರ ಕೆಟ್ಟವರ ಅನುಭವ ಕೇಳಿದರೆ ಮೈ ಜುಮ್ಮೆನ್ನುತ್ತದೆ. 1983ರಲ್ಲಿ ವರದಿಯಾದ ಒಬ್ಬ ಮಹಿಳೆಗೆ ಬಣ್ಣ, ಆಕಾರ ಎಲ್ಲ ಕಾಣುತ್ತಿತ್ತು, ಚಲನೆ ಮಾತ್ರ ಕಾಣುತ್ತಿರಲಿಲ್ಲ. ಕಪ್ಪಿಗೆ ಟೀ ಬಗ್ಗಿಸಿದರೆ ಹೆಪ್ಪುಗಟ್ಟಿದ ಮಂಜಿನಂತೆ ನಿಂತೇ ಇರುತ್ತಿತ್ತು. ಎಷ್ಟು ತುಂಬಿತು ಎಂದು ತಿಳಿಯದೆ ಚೆಲ್ಲಿಹೋಗುತ್ತಿತ್ತು. ರಸ್ತೆ ದಾಟುವಾಗ ದೂರದಲ್ಲಿದ್ದ ಕಾರು ಮರುಕ್ಷಣ ಪಕ್ಕದಲ್ಲೇ ಇರುತ್ತಿತ್ತು.

ಇನ್ನೊಬ್ಬ ಮಹಿಳೆಯ ಕಥೆ ನಿಮ್ಮ ಮಗಳ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ಆಕೆಯ ಮೆದುಳಿಗೆ ಪೆಟ್ಟಾಗಿ, ವಸ್ತುಗಳ ಆಕಾರ ಗುರುತಿಸುವ ಶಕ್ತಿ ಹೋಗಿತ್ತು. ಗುಡೇಲ್ ಮತ್ತು ಮಿಲ್ನರ್ ಎಂಬ ವಿಜ್ಞಾನಿಗಳು ಆಕೆಯ ಮುಂದೆ ಅಂಚೆ ಡಬ್ಬಿಯಂಥ ಒಂದು ಸೀಳು ಇಟ್ಟರು. ಸೀಳು ಅಡ್ಡ ಇದೆಯೋ, ಉದ್ದ ಇದೆಯೋ, ಓರೆ ಇದೆಯೋ, ಕೈಯಲ್ಲಿರುವ ಕಾರ್ಡನ್ನು ಹಾಗೇ ಹಿಡಿದು ತೋರಿಸಿ ಎಂದರೆ ಆಕೆಗೆ ಆಗಲಿಲ್ಲ. ಕಾರ್ಡನ್ನು ಅದರೊಳಗೆ ಹಾಕಿ ಎಂದಾಗ ಕೈ ತಾನಾಗಿಯೇ ಸರಿಯಾದ ಓರೆಗೆ ತಿರುಗಿ, ಕಾರ್ಡು ಸಲೀಸಾಗಿ ಒಳಗೆ ಹೋಯಿತು. ಯೋಚಿಸಿ ನೋಡಿ. ಆಕೆಗೆ ಆ ಸೀಳು ಕಂಡಿತ್ತೇ, ಇಲ್ಲವೇ? ಏನಿದೆ ಎಂದು ತಿಳಿಯಲು ನೋಡುವ ದಾರಿ ಒಂದು. ಕೈ ನಡೆಸಲು ನೋಡುವ ದಾರಿ ಇನ್ನೊಂದು. ಒಳಗೆ ಒಂದೇ ಪರದೆ, ಒಬ್ಬನೇ ನೋಡುಗ ಇದ್ದಿದ್ದರೆ ಇಂಥ ಸ್ಥಿತಿ ಬರಲು ಸಾಧ್ಯವೇ ಇರಲಿಲ್ಲ.

ಇನ್ನೊಂದು ಮಾತು. ಈ ಸಂಚಾರ ಒಮ್ಮುಖವೂ ಅಲ್ಲ. ಕಣ್ಣಿನ ನರ ಮೆದುಳಿನಲ್ಲಿ ಮೊದಲು ತಲುಪುವ ಒಂದು ಗಂಟು ಇದೆ, ಮೆದುಳಿನ ನಡುವೆ ಆಳದಲ್ಲಿರುವ ಥಾಲಮಸ್ ಎಂಬುದರ ಭಾಗ. ಅದಕ್ಕೆ ಬಂದು ಸೇರುವ ಜೋಡಣೆಗಳಲ್ಲಿ ಕಣ್ಣಿನಿಂದ ಬಂದವು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಮಿಕ್ಕವುಗಳಲ್ಲಿ ದೊಡ್ಡ ಪಾಲು ಮೆದುಳಿನ ಮೇಲಿನ ಪದರದಿಂದ ಹಿಂದಕ್ಕೆ ಇಳಿದುಬರುವಂಥದ್ದು. ಏನಿರಬಹುದು ಎಂಬ ಊಹೆ ಮೇಲಿನಿಂದ ಬರುತ್ತದೆ, ಏನಿದೆ ಎಂಬ ಸುದ್ದಿ ಕೆಳಗಿನಿಂದ ಹೋಗುತ್ತದೆ. ಎರಡೂ ತಾಳೆಯಾಗದಿದ್ದರೆ ಊಹೆ ತಿದ್ದಿಕೊಳ್ಳುತ್ತದೆ. ಚಂದ್ರನ ಕುಳಿಗಳ ಫೋಟೊವನ್ನು ತಲೆಕೆಳಗು ಹಿಡಿದು ನೋಡಿ. ಕುಳಿಗಳು ದಿಬ್ಬಗಳಾಗಿ ಕಾಣುತ್ತವೆ. ಬೆಳಕು ಮೇಲಿನಿಂದಲೇ ಬರುತ್ತದೆ ಎಂಬುದು ಮೆದುಳಿನ ಹಳೆಯ ನಂಬಿಕೆ. ಸೂರ್ಯನ ಕೆಳಗೆ ಬದುಕುವವರಿಗೆ ಅದು ಒಳ್ಳೆಯ ನಂಬಿಕೆಯೇ.

ಇಷ್ಟೆಲ್ಲ ಊಹೆ ಮಾಡಲು ಮೆದುಳು ಎಲ್ಲಿ ಕಲಿಯಿತು? ಸ್ವಲ್ಪ ಹುಟ್ಟಿನಿಂದಲೇ ಬರುತ್ತದೆ. ಬಹಳಷ್ಟು ಮಗು ನೋಡುತ್ತಾ, ಮುಟ್ಟುತ್ತಾ, ತೆವಳುತ್ತಾ ಕಲಿಯುತ್ತದೆ. 1688ರಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನ್ಯೂ ಒಂದು ಪ್ರಶ್ನೆ ಎತ್ತಿದ್ದರು. ಹುಟ್ಟು ಕುರುಡ ಒಬ್ಬನಿಗೆ ಗೋಳವನ್ನೂ ದಾಳದಂಥ ಘನವನ್ನೂ ಮುಟ್ಟಿ ಗೊತ್ತು. ಅವನಿಗೆ ದೃಷ್ಟಿ ಬಂದರೆ, ಬರೀ ನೋಡಿ ಯಾವುದು ಯಾವುದೆಂದು ಹೇಳಬಲ್ಲನೇ? ಉತ್ತರಕ್ಕೆ ಮುನ್ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ವಿಜ್ಞಾನಿ ಪವನ್ ಸಿನ್ಹಾ ಅವರ 'ಪ್ರಕಾಶ್' ಯೋಜನೆಯಲ್ಲಿ, ಕಣ್ಣಿನ ಪೊರೆಯಂಥ ತೊಂದರೆಗಳಿಂದ ಹುಟ್ಟಿನಿಂದ ಕಾಣದಿದ್ದ ಭಾರತದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪಟ್ಟಿ ಬಿಚ್ಚಿದ ಹೊಸತರಲ್ಲಿ, ಕೈಯಿಂದ ಮುಟ್ಟಿದ ವಸ್ತುವನ್ನು ಕಣ್ಣಿನಿಂದ ಗುರುತಿಸಲು ಮಕ್ಕಳಿಗೆ ಆಗಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಕಲಿತುಬಿಟ್ಟರು. ಈ ಯೋಜನೆಯ ಇನ್ನೊಂದು ಅಧ್ಯಯನ ನನ್ನ ಮನಸ್ಸಿನಲ್ಲಿ ಉಳಿದಿದೆ. ಹೊಸದಾಗಿ ದೃಷ್ಟಿ ಬಂದವರಿಗೆ ಒಂದರ ಮೇಲೊಂದು ಬಿದ್ದ ಚೌಕ ಮತ್ತು ವೃತ್ತ ತೋರಿಸಿದರೆ, ಎರಡು ಆಕಾರ ಕಾಣುತ್ತಿರಲಿಲ್ಲ, ಬಣ್ಣದ ಚೂರುಗಳು ಕಾಣುತ್ತಿದ್ದವು. ಅದೇ ಆಕಾರಗಳು ಚಲಿಸಲು ಶುರುವಾದರೆ, ಜೊತೆಗೇ ಸರಿಯುವ ಚೂರುಗಳು ಒಂದೇ ವಸ್ತುವಿನವು ಎಂದು ತಕ್ಷಣ ಗೊತ್ತಾಗುತ್ತಿತ್ತು. ಅವರ ಕಣ್ಣಿನ ತಡೆ ನೀಗಿತ್ತು, ರೆಟಿನಾದ ಮೇಲೆ ಚಿತ್ರವೂ ಬೀಳುತ್ತಿತ್ತು. ಚಿತ್ರ ಬಿದ್ದರೆ ನೋಟ ಬಂತು ಎಂದಲ್ಲ.

ಇದೇ ಕಾರಣಕ್ಕೆ ಎಲ್ಲ ತಂದೆತಾಯಿಗೂ ನಾನು ಒಂದು ಮಾತು ಹೇಳುತ್ತಿರುತ್ತೇನೆ. ಚಿಕ್ಕ ಮಗುವಿನ ಒಂದು ಕಣ್ಣು ಮಸುಕಾಗಿದ್ದರೆ, ಅಥವಾ ಮೆಳ್ಳೆಗಣ್ಣಿದ್ದರೆ, ಮೆದುಳು ಆ ಕಣ್ಣಿನ ಮಾತು ಕೇಳುವುದನ್ನು ಬಿಟ್ಟುಬಿಡಬಹುದು. ಸೋಮಾರಿ ಕಣ್ಣು ಎನ್ನುತ್ತಾರೆ. ತೊಂದರೆ ಕಣ್ಣಿನಲ್ಲಿ ಶುರುವಾದರೂ ಕೊನೆಗೆ ಉಳಿಯುವುದು ಮೆದುಳಿನಲ್ಲಿ. ತಡವಾದಷ್ಟೂ ಸರಿಪಡಿಸುವುದು ಕಷ್ಟ. ಶಾಲೆಗೆ ಸೇರಿಸುವ ಮುಂಚೆಯೇ ಒಮ್ಮೆ ಕಣ್ಣು ತೋರಿಸಿ.

ಹಾಗಾದರೆ ನೋಡುವುದು ಯಾರು? ನಿಮ್ಮ ಮಗಳೇ. ಅವಳೊಳಗೆ ಕೂತ ಇನ್ನೊಬ್ಬರಲ್ಲ. ಪುಸ್ತಕ ಹಿಡಿದ ಕೈ, ಜಿಗಿಯುವ ಕಣ್ಣು, ಇಲ್ಲಿಯವರೆಗೆ ನೋಡಿ ಮುಟ್ಟಿ ಕಲಿತ ಮೆದುಳು, ಎಲ್ಲ ಸೇರಿ ಮಾಡುವ ಕೆಲಸಕ್ಕೇ ನೋಡುವುದು ಎಂದು ಹೆಸರು. ಪರೀಕ್ಷೆಯಲ್ಲಿ "ಅಕ್ಷಿಪಟಲದ ಮೇಲೆ ಬೀಳುವ ಪ್ರತಿಬಿಂಬ ಸತ್ಯ, ತಲೆಕೆಳಗು ಮತ್ತು ಚಿಕ್ಕದು" ಎಂದು ಬರೆಯಲಿ, ಅದು ಪೂರ್ತಿ ಸರಿ. ಮುಂದಿನ ಸಾಲಿಗೆ "ಅದನ್ನು ಮೆದುಳು ನೇರ ಮಾಡುತ್ತದೆ" ಎನ್ನುವ ಬದಲು "ಅಲ್ಲಿಂದ ವಿದ್ಯುತ್ ಸಂಕೇತಗಳು ಮೆದುಳಿಗೆ ಹೋಗುತ್ತವೆ, ಮೆದುಳು ಅವುಗಳ ಅರ್ಥ ಮಾಡಿಕೊಳ್ಳುತ್ತದೆ" ಎಂದು ಬರೆದರೆ ಯಾವ ಟೀಚರೂ ಅಂಕ ಕಳೆಯಲಾರರು. ಸೆಲ್ಫಿ ಕ್ಯಾಮೆರಾದ ಪ್ರಯೋಗ ಮಾಡಿದಾಗ ಅವಳು ಏನಂದಳು ಎಂದು ನನಗೆ ತಿಳಿಸಿ.